ಮೂಲೆಯ ಕಂಪ್ಯೂಟರಿನ ದನಿ

ನನಗೆ ಗುಮಾನಿ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ಇವನಿಗೆ ಬೇರೆ ಕೆಲಸ ಇರಲಿಲ್ಲವೇ ಎಂದು ನೀವೇ ಕೇಳುತ್ತೀರಿ. ಬಸ್ಸಿನಲ್ಲಿ ಪಕ್ಕದವರು ಕಣ್ಣು ಮುಚ್ಚಿದ್ದರೆ ಅದು ನಿಜವಾದ ನಿದ್ದೆಯೋ, ನಿಂತ ಮುದುಕಿಗೆ ಸೀಟು ಬಿಡಬಾರದೆಂಬ ನಾಟಕವೋ ಎಂದು ನೋಡುವವನು ನಾನು. ಹೋಟೆಲಿನಲ್ಲಿ ಕಣ್ಣೆದುರೇ ಬಾಣಲೆಯಿಂದ ತೆಗೆದ ಮಿರ್ಚಿ ಕೊಟ್ಟರೂ ಹಿಟ್ಟು ನಿನ್ನೆಯದೇನು ಎಂದು ಕೇಳುತ್ತೇನೆ. 'ಮಂದಿಗೆ ಬೆಳ್ಳಗಿದ್ದದ್ದೆಲ್ಲಾ ಹಾಲು, ನಿಮಗ ಬೆಳ್ಳಗಿದ್ದದ್ದೆಲ್ಲಾ ಸುಣ್ಣ' ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಸುಣ್ಣವನ್ನು ಹಾಲೆಂದು ಕುಡಿದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಈ ಗುಣ ನನಗೆ ಅಜ್ಜನಿಂದ ಬಂದದ್ದು. ನಮ್ಮದು ಗಬ್ಬೂರು ಕಡೆಯ ಕುರಿ ಕಾಯುವ ಮನೆತನ. ಸಂಜೆ ಹಿಂಡು ದೊಡ್ಡಿಗೆ ಬರುವಾಗ ಅಜ್ಜ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಿದ್ದ. ಕಳೆದುಹೋದ ಕುರಿಗಿಂತ ಬಂದು ಸೇರಿಕೊಂಡ ಕುರಿಗೆ ಅವನು ಹೆಚ್ಚು ಹೆದರುತ್ತಿದ್ದ. ಕಳೆದರೆ ಒಂದು ಕುರಿ ಹೋಯಿತು, ಅಷ್ಟೇ. ಪರರ ಕುರಿ ಬಂದು ಸೇರಿದರೆ ರೋಗ ತರುತ್ತದೆ, ಇಲ್ಲವೇ ಅದರ ಬೆನ್ನಿಗೇ ಅದರ ಒಡೆಯ ಬಂದು ನಮ್ಮನ್ನು ಕಳ್ಳರನ್ನಾಗಿ ಮಾಡುತ್ತಾನೆ. ಅಂಥ ಕುರಿ ಸಿಕ್ಕರೆ ಅಜ್ಜ ಕಟ್ಟಿಹಾಕುತ್ತಿರಲಿಲ್ಲ. ಯಾರದೆಂದು ಊರಲ್ಲಿ ಕೇಳುತ್ತಲೂ ಇರಲಿಲ್ಲ, ಕೇಳಿದರೆ ಎಲ್ಲರೂ ನಮ್ಮದೇ ಎನ್ನುತ್ತಾರೆ. ಸುಮ್ಮನೆ ದೊಡ್ಡಿಯಿಂದ ಹೊರಗೆ ಬಿಟ್ಟು, ಕಂಬಳಿ ಹೊದ್ದುಕೊಂಡು ದೂರದಿಂದ ಅದರ ಹಿಂದೆ ನಡೆಯುತ್ತಿದ್ದ. "ಬಿಟ್ಟು ನೋಡಬೇಕು, ಯಾರ ಮನಿಗಿ ಹೋಗತದ ಅಂತ," ಅನ್ನುತ್ತಿದ್ದ. ಕುರಿ ಸುಳ್ಳು ಹೇಳುವುದಿಲ್ಲ ಎಂಬುದು ಅವನ ನಂಬಿಕೆ.

ನಾನು ಕುರಿ ಕಾಯಲಿಲ್ಲ. ದೇವದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಕಾಯುತ್ತೇನೆ. ಕಾಯಂ ನೌಕರಿಯಲ್ಲ, ವರ್ಷ ವರ್ಷ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ರಾಯಚೂರಿನಲ್ಲಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಗಬ್ಬೂರಿನ ಮೇಲೆ ಹಾದು ದೇವದುರ್ಗ ಮುಟ್ಟುತ್ತೇನೆ. ಟವೆಲ್ ಮೇಲೆ ಕಣ್ಣಿಟ್ಟಿರುತ್ತೇನೆ ಎಂದು ಬೇರೆ ಹೇಳಬೇಕಿಲ್ಲ.

ಲ್ಯಾಬಿನ ಕಂಪ್ಯೂಟರುಗಳು ಹಳೆಯವು. ಯಾವುದೋ ಕಚೇರಿಯವರು ಸಾಕೆಂದು ಬಿಟ್ಟದ್ದನ್ನು ನಮ್ಮ ಕಾಲೇಜು ಇಸಿದುಕೊಂಡಿತ್ತು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಅವಕ್ಕೆ ಭಾರ, ಕಾಲೇಜಿಗೂ ಭಾರ. ಹೀಗಾಗಿ ನಾನೇ ಕೂತು ಎಲ್ಲದಕ್ಕೂ ಲಿನಕ್ಸ್ ಹಾಕಿದೆ. ಲಿನಕ್ಸಿನಲ್ಲಿ ಏನಾದರೂ ಬೇಕಾದರೆ ಕರಿಯ ಪರದೆಯೊಂದನ್ನು ತೆರೆದು ಹೆಸರು ಹಿಡಿದು ಕರೆಯಬೇಕು. 'ಆಪ್ಟ್ ಇನ್‌ಸ್ಟಾಲ್' ಎಂದು ಬರೆದು ಪ್ಯಾಕೇಜಿನ ಹೆಸರು ಹೇಳಿದರೆ ನೆಟ್‌ನಿಂದ ಇಳಿದು ಬಂದು ಕೂಡುತ್ತದೆ. 'ಆಪ್ಟ್ ರಿಮೂವ್' ಎಂದರೆ ಎದ್ದು ಹೋಗುತ್ತದೆ. ಬರುವಾಗ ಮಾತ್ರ ಒಂಟಿಯಾಗಿ ಬರುವುದಿಲ್ಲ. ತನಗೆ ಬೇಕಾದ ನೆಂಟರನ್ನೆಲ್ಲ ಕರೆದುಕೊಂಡು ಬರುತ್ತದೆ. ಹೋಗುವಾಗ ತಾನೊಂದೇ ಹೋಗಿ ನೆಂಟರನ್ನು ಇಲ್ಲೇ ಬಿಡುತ್ತದೆ, ಅವರನ್ನು ಎಬ್ಬಿಸಲು 'ಆಟೊರಿಮೂವ್' ಎಂದು ಮತ್ತೊಂದು ಮಾತು ಹೇಳಬೇಕು. ಬೀಗರು ಹೋದರೂ ಬೀಗರ ಗಂಟು ಪಡಸಾಲೆಯಲ್ಲೇ ಇದ್ದಂತೆ. ಈ ಕರೆಯುವುದು ಕಳಿಸುವುದು ಎರಡಕ್ಕೂ ಪಾಸ್‌ವರ್ಡ್ ಬೇಕು.

ಪಾಸ್‌ವರ್ಡ್ ಇದ್ದದ್ದು ನನ್ನ ಹತ್ತಿರ. ಲ್ಯಾಬ್ ಶುರುವಾದಾಗ ಪ್ರಿನ್ಸಿಪಾಲರು ಬೀಗದ ಕೈ ಒಬ್ಬರ ಬಳಿಯೇ ಇರಬಾರದು ಎಂದು ಹೇಳಿ ಕನ್ನಡ ವಿಭಾಗದ ಹಿರಿಯ ಮೇಡಂಗೂ ಅದನ್ನು ತಿಳಿಸಿದ್ದರು. ಆಕೆ ಮಾನ್ವಿಯವರು. ಮೊದಲು ಪ್ರಾಥಮಿಕ ಶಾಲೆಯಲ್ಲಿದ್ದು ಆಮೇಲೆ ಕಾಲೇಜಿಗೆ ಬಂದವರು, ಅದಕ್ಕೇ ಶಾಲೆಯ ಮಕ್ಕಳು ಕರೆಯುವಂತೆ ಎಲ್ಲರ ಬಾಯಲ್ಲೂ ಅಕ್ಕೋರು. ಹಳಗನ್ನಡವನ್ನು ಪುಸ್ತಕ ಮುಟ್ಟದೆ ಹೇಳುವವರಿಗೆ ಕಂಪ್ಯೂಟರಿನ ಪಾಸ್‌ವರ್ಡ್ ಹೇಳಿದರೆ ಗೋಡೆಗೆ ಹೇಳಿದಂತೆ ಎಂದು ನಾನು ಅಲ್ಲಿಗೇ ಮರೆತೆ. ಅವರ ಮೇಲೆ ನನಗೊಂದು ಸಿಟ್ಟೂ ಇತ್ತು. ನನ್ನ ಹೆಂಡತಿ ಕನ್ನಡ ಎಂ.ಎ., ಒಳ್ಳೆಯ ಅಂಕ. ಹಿಂದಿನ ವರ್ಷ ಅತಿಥಿ ಉಪನ್ಯಾಸಕರ ಸಂದರ್ಶನಕ್ಕೆ ಬಂದಾಗ ಅಕ್ಕೋರೇ ಅವಳ ಕಾಗದ ನೋಡಿ, ಈ ವರ್ಷ ಪಾಠದ ತಾಸು ಖಾಲಿ ಇಲ್ಲ ಎಂದು ಕಳಿಸಿದ್ದರು. ನಿಜಕ್ಕೂ ಖಾಲಿ ಇರಲಿಲ್ಲವೋ, ಕೊಡಲು ಮನಸ್ಸಿರಲಿಲ್ಲವೋ ಎಂಬುದು ನನ್ನ ಗುಮಾನಿಗಳಲ್ಲಿ ಒಂದಾಗಿ ಉಳಿದಿತ್ತು.

ಪ್ರತಿ ಶನಿವಾರ ಹುಡುಗರು ಹೋದ ಮೇಲೆ ಎಲ್ಲ ಕಂಪ್ಯೂಟರುಗಳನ್ನೂ ನಾನು ಅಪ್‌ಡೇಟ್ ಮಾಡುತ್ತೇನೆ. ಎಲ್ಲದರಲ್ಲೂ ಒಂದೇ ಪ್ಯಾಕೇಜುಗಳು, ಒಂದೇ ಹೆಸರುಗಳು; ಅಜ್ಜನಿಗೆ ಕುರಿಯ ಮುಖ ಗೊತ್ತಿದ್ದಂತೆ ನನಗೆ ಅವೆಲ್ಲ ಗೊತ್ತು. ಒಂದು ಶನಿವಾರ ಮೂಲೆಯ ಕಂಪ್ಯೂಟರಿನಲ್ಲಿ ಗೊತ್ತಿಲ್ಲದ ಹೆಸರೊಂದು ಕಂಡಿತು. ಈಸ್ಪೀಕ್. ನಾನು ಹಾಕಿದ್ದಲ್ಲ. ಏನಿದು ಎಂದು ಕರಿಯ ಪರದೆಯಲ್ಲಿ ಅದರ ಹೆಸರು ಬರೆದು, ಮುಂದೆ 'ನಮಸ್ಕಾರ' ಎಂದು ಕನ್ನಡದಲ್ಲಿ ಹಾಕಿ ಎಂಟರ್ ಒತ್ತಿದೆ. ಖಾಲಿ ಲ್ಯಾಬಿನಲ್ಲಿ ಯಾರೋ ಮೂಗಿನಿಂದ, ತಗಡು ಬಡಿದಂಥ ದನಿಯಲ್ಲಿ "ನಮಸ್ಕಾರ" ಅಂದರು.

ನಾನು ಎದ್ದು ಹೋಗಿ ಬಾಗಿಲು ಹಾಕಿದೆ. ಭಯವೇನೂ ಆಗಲಿಲ್ಲ, ಆದರೆ ಬಾಗಿಲು ಹಾಕಿದೆ.

ಬರೆದದ್ದನ್ನು ಓದಿ ಹೇಳುವ ಪ್ಯಾಕೇಜು ಅದು. ಇಂಥದ್ದು ನನ್ನ ಲ್ಯಾಬಿನಲ್ಲಿ ಯಾರಿಗೆ ಯಾಕೆ ಬೇಕು? ನಮ್ಮಲ್ಲಿ ಆಂತರಿಕ ಪರೀಕ್ಷೆಯ ಅಂಕಗಳನ್ನು ತುಂಬುವುದು ಆ ಲ್ಯಾಬಿನಿಂದಲೇ. ಪ್ರಶ್ನೆಪತ್ರಿಕೆ ಟೈಪ್ ಆಗುವುದೂ ಅಲ್ಲೇ. ಯಾರೋ ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದು ಪ್ರಶ್ನೆಪತ್ರಿಕೆ ಓದಿಸಿ ಹೊರಗೆ ಕಳಿಸುತ್ತಿದ್ದರೆ? ಫೋಟೊ ತೆಗೆದರೆ ಸುಲಭವಲ್ಲವೇ ಎಂದು ನೀವು ಕೇಳಬಹುದು. ಫೋಟೊ ತೆಗೆದರೆ ಸಿಕ್ಕಿಬೀಳುತ್ತಾರೆ, ಅದಕ್ಕೇ ಹೀಗೆ ಎಂದು ನನ್ನ ತಲೆ ಉತ್ತರ ಕೊಟ್ಟಿತು. ನನ್ನ ತಲೆ ಇಂಥದಕ್ಕೆಲ್ಲ ತಯಾರಾಗಿಯೇ ಇರುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಹೋಗುವುದು ಕಾಯಂ ಅಲ್ಲದವನ ನೌಕರಿ. ಆ ಪುಟ್ಟ ಪ್ಯಾಕೇಜಿನ ಮೇಲೆ ಒಬ್ಬರ ನೌಕರಿ ನಿಂತಿದೆ ಎಂಬುದು ನನಗೆ ಅವತ್ತೇ ಗೊತ್ತಾಯಿತು. ಅದು ನನ್ನದು ಎಂದು ತಿಳಿದುಕೊಂಡಿದ್ದೆ.

ಪ್ರಿನ್ಸಿಪಾಲರಿಗೆ ಹೇಳಲಿಲ್ಲ. ಹೇಳಿದರೆ ಅವರ ಮೊದಲ ಪ್ರಶ್ನೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು. ಬೇಲಿ ಕಾಯುವವನನ್ನೇ ಹೊಲ ಮೇಯ್ದವನು ಅನ್ನಲು ಜನಕ್ಕೆ ಎಷ್ಟು ಹೊತ್ತು ಬೇಕು? ಪಾಸ್‌ವರ್ಡ್ ಬದಲಿಸಲೂ ಇಲ್ಲ. ಬದಲಿಸಿದರೆ ಕಳ್ಳ ಎಚ್ಚರಾಗುತ್ತಾನೆ. ಅಜ್ಜನ ಪದ್ಧತಿಯೇ ಸರಿ ಎನ್ನಿಸಿತು: ಹೊರಗೆ ಬಿಡು, ಹಿಂದೆ ನಡೆ. ರಿಮೂವ್ ಮಾಡಿದೆ, ನೆಂಟರನ್ನೂ ಎಬ್ಬಿಸಿ ಕಳಿಸಿದೆ, ಕೈ ತೊಳೆದು ಬಸ್ಸು ಹತ್ತಿದೆ.

ವಾರ ತಿರುಗುವುದರಲ್ಲಿ ಅದು ಮತ್ತೆ ಬಂದು ಕೂತಿತ್ತು. ಮತ್ತೆ ತೆಗೆದೆ. ಮತ್ತೆ ಬಂತು. ಹೊಲದಲ್ಲಿ ಕರಿಕೆ ಹುಲ್ಲು ಕಿತ್ತಂತೆ ಆಯಿತು ನನ್ನ ಕೆಲಸ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ನಾನು ತೆಗೆಯುತ್ತೇನೆ, ಇನ್ನೊಬ್ಬರು ಹಾಕುತ್ತಾರೆ. ನನ್ನ ಕಣ್ಣು ಮೊದಲು ಬಿದ್ದದ್ದು ಸಿರವಾರದ ರಿಪೇರಿ ಅಂಗಡಿಯವನ ಮೇಲೆ. ನನಗಿಂತ ಮೊದಲು ಲ್ಯಾಬ್ ನೋಡಿಕೊಳ್ಳುತ್ತಿದ್ದವನು ಅವನು. ಆಗಾಗ ಬಂದು, "ಏನ್ ಸರ್, ಮಶೀನ್ ಎಲ್ಲಾ ಬರೋಬ್ಬರಿ ಅದಾವೇನು?" ಎಂದು ನಗುತ್ತಾ ಕೇಳುವವನು. ಕಂಪ್ಯೂಟರ್ ಕೆಟ್ಟರೆ ಲಾಭ ಅವನಿಗೇ ತಾನೇ? ಆಮೇಲೆ ಆಫೀಸಿನ ಟೈಪಿಸ್ಟ್ ಮೇಲೆ ಬಿತ್ತು, ಯಾಕೆಂದರೆ ಅವನು ನಾನು ಬಂದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದ. ನಾನು ಬಂದಾಗ ಎಲ್ಲರೂ ಮಾತು ನಿಲ್ಲಿಸುತ್ತಾರೆ ಎಂದು ಹೆಂಡತಿ ಹೇಳಿದಳು.

ಅವಳಿಗೆ ಎಲ್ಲವನ್ನೂ ಹೇಳುತ್ತಿದ್ದೆ. ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. "ಪಾಸ್‌ವರ್ಡ್ ಮತ್ಯಾರ ಕಡೆ ಅದ?" ಎಂದು ಒಮ್ಮೆ ಕೇಳಿದ್ದಳು. ಅಕ್ಕೋರ ಹತ್ತಿರ ಇದೆ, ಆದರೆ ಅವರಿಗೆ ಅದೆಲ್ಲ ತಿಳಿಯುವುದಿಲ್ಲ ಎಂದೆ. "ಹೌದಾ," ಎಂದು ರೊಟ್ಟಿ ತಿರುವಿ ಹಾಕಿದಳು. ಆ 'ಹೌದಾ'ದ ಮೇಲೆ ಯಾಕೋ ನನಗೆ ಗುಮಾನಿ ಬರಲಿಲ್ಲ. ಬರಬೇಕಿತ್ತು.

ಪ್ಯಾಕೇಜಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡಲು ಅದರ ಮತ್ತು ಅದರ ನೆಂಟರ ಫೈಲುಗಳನ್ನೆಲ್ಲ ನೆಟ್‌ನಿಂದ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಂಡು ರಾಯಚೂರಿಗೆ ತಂದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಬಿಚ್ಚಿ ನೋಡಿದೆ. ಭಾಷೆಭಾಷೆಗಳ ಉಚ್ಚಾರದ ನಿಯಮಗಳು, ಕನ್ನಡದ ಕಾಗುಣಿತ, ಅಷ್ಟೇ. ಅನುಮಾನ ಪಡುವಂಥದ್ದು ಒಂದೂ ಇರಲಿಲ್ಲ. ಇದರಿಂದ ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು. ನಾಳೆ ಯಾರಾದರೂ ಕೇಳಿದರೆ ಸಾಕ್ಷಿ ಇರಲಿ ಎಂದು ಪೆನ್‌ಡ್ರೈವನ್ನು ಬೀಗದ ಗೊಂಚಲಿಗೆ ಕಟ್ಟಿಕೊಂಡು ಓಡಾಡತೊಡಗಿದೆ.

ಅಷ್ಟರಲ್ಲಿ ಕಾಲೇಜಿಗೆ ತಪಾಸಣೆಯವರು ಬರುವುದೆಂದು ನಿಗದಿಯಾಯಿತು. ಅಂಥ ದಿನ ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ವಿಭಾಗದ ಮುಖ್ಯಸ್ಥರು ಎದ್ದು ನಿಂತು ತಮ್ಮ ವರದಿಯನ್ನು ಓದಬೇಕು. ಆ ವರದಿಯನ್ನು ಬರೆಯುವವರು ಮುಖ್ಯಸ್ಥರಲ್ಲ. ಆಫೀಸಿನಲ್ಲಿ ಎಲ್ಲ ವಿಭಾಗದ್ದೂ ಒಂದೇ ಅಚ್ಚಿನಲ್ಲಿ ತಯಾರಾಗುತ್ತದೆ, ಹಿಂದಿನ ಸಂಜೆಯವರೆಗೂ ಪ್ರಿನ್ಸಿಪಾಲರು ತಿದ್ದುತ್ತಲೇ ಇರುತ್ತಾರೆ, ಕೊನೆಗೆ ಅದರ ಫೈಲು ಲ್ಯಾಬಿನ ಕಂಪ್ಯೂಟರುಗಳಿಗೂ ಬರುತ್ತದೆ. ಓದುವವರು ಮೊದಲ ಸಲ ಅದನ್ನು ನೋಡುವುದು ಓದುವ ದಿನವೇ.

ಆ ಹಿಂದಿನ ಸಂಜೆ ನೋಡಿದರೆ ಮೂಲೆಯ ಕಂಪ್ಯೂಟರಿನಲ್ಲಿ ಈಸ್ಪೀಕ್ ಮತ್ತೆ ಹಾಜರು. ತಪಾಸಣೆಯ ದಿನ ಪರರ ಕುರಿ ನನ್ನ ದೊಡ್ಡಿಯಲ್ಲಿ ಇರಬಾರದು. ತೆಗೆದೆ. ಅಷ್ಟರಲ್ಲಿ ರಸ್ತೆ ಅಗೆಯುವವರು ಕೇಬಲ್ ಕಡಿದು ಊರಿನ ಅರ್ಧಕ್ಕೆ ನೆಟ್ ಇರಲಿಲ್ಲ. ನೆಟ್ ಇಲ್ಲದೆ ಯಾರೂ ಏನನ್ನೂ ಕರೆಯಲಾಗದು. ಈಗ ಹೇಗೆ ಹಾಕುತ್ತೀಯೋ ನೋಡೋಣ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಮರುದಿನ ಮೊದಲ ಬಸ್ಸಿಗೇ ಬಂದು, ಲ್ಯಾಬಿಗೆ ಅಂಟಿಕೊಂಡ ಸಾಮಾನಿನ ಕೋಣೆಯಲ್ಲಿ ಹಳೆಯ ಮಾನಿಟರುಗಳ ನಡುವೆ ಸ್ಟೂಲ್ ಹಾಕಿಕೊಂಡು, ಬಾಗಿಲು ಅರ್ಧ ಮುಚ್ಚಿ ಕುಳಿತೆ.

ಜವಾನ ಬಂದು ಲ್ಯಾಬ್ ಕಸ ಹೊಡೆದು ಹೋದ. ಅವನಲ್ಲ. ಸ್ವಲ್ಪ ಹೊತ್ತಿಗೆ ಹೆಜ್ಜೆ ಕೇಳಿಸಿತು. ಬಂದವರು ಅಕ್ಕೋರು. ಸಿರವಾರದಲ್ಲಿ ಬಸ್ಸು ಬದಲಿಸಿ ಬರುವವರು ಎಲ್ಲರಿಗಿಂತ ಮೊದಲು ಬಂದಿದ್ದರು. ಯಾರನ್ನೋ ಹುಡುಕಿಕೊಂಡು ಬಂದಿರಬೇಕು, ಹೋಗುತ್ತಾರೆ ಎಂದುಕೊಂಡೆ. ಅವರು ಬಲಗೈಯಿಂದ ಮೇಜುಗಳ ಅಂಚು ಸವರುತ್ತಾ ನೇರ ಮೂಲೆಗೆ ಹೋದರು. ಕುರ್ಚಿಯನ್ನು ಮುಟ್ಟಿ ನೋಡಿ ಕೂತರು. ತಂಪು ಕನ್ನಡಕ ತೆಗೆದಿಟ್ಟು, ಸೆರಗಿನ ಕೆಳಗಿಂದ ಇಯರ್‌ಫೋನ್ ತೆಗೆದು ಕಿವಿಗೆ ಹಾಕಿಕೊಂಡರು. ಕೀಬೋರ್ಡ್ ನೋಡದೆ ಏನೋ ಟೈಪ್ ಮಾಡಿದರು. ಬೆರಳುಗಳು ಎಲ್ಲೂ ತಡವರಿಸಲಿಲ್ಲ.

ಆಮೇಲೆ ಕಾದರು. ಪರದೆಯ ಮೇಲೆ ಅಂಥ ಕಮಾಂಡ್ ಇಲ್ಲ ಎಂಬ ಸಾಲು ಬಂದಿತ್ತು, ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಅವರು ಅದನ್ನು ಓದಲಿಲ್ಲ. ಇಯರ್‌ಫೋನ್ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಮತ್ತೆ ಟೈಪ್ ಮಾಡಿದರು, ಮತ್ತೆ ಕಾದರು. ಕೊನೆಗೆ ಪರದೆಯ ಅಕ್ಷರಗಳನ್ನು ಹಲಗೆಯ ಬರಹದಷ್ಟು ದೊಡ್ಡದು ಮಾಡಿ, ಮೂಗು ತಾಗುವಷ್ಟು ಬಾಗಿ, ತಲೆಯನ್ನು ಒಂದು ಕಡೆ ವಾಲಿಸಿ ಒಂದೊಂದೇ ಅಕ್ಷರ ಹಿಡಿದರು. ಇನ್‌ಸ್ಟಾಲ್ ಎಂದು ಕೊಟ್ಟರು. ನೆಟ್ ಇಲ್ಲದೆ ಅದು ಅಲ್ಲೇ ತೊದಲಿತು. ಆಗ ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು.

ಅವರ ತರಗತಿಯಲ್ಲಿ ಯಾವಾಗಲೂ ಹುಡುಗರೇ ಗಟ್ಟಿಯಾಗಿ ಓದುವುದು ನೆನಪಾಯಿತು. ಉತ್ತರಪತ್ರಿಕೆಗಳನ್ನೂ ಬರೆದವರಿಂದಲೇ ಓದಿಸಿ, ಕಣ್ಣು ಮುಚ್ಚಿ ಕೇಳಿ ಅಂಕ ಹೇಳುತ್ತಿದ್ದರು. ಎಷ್ಟು ಚೊಲೋ ಪದ್ಧತಿ ಎಂದು ಕಾಲೇಜೆಲ್ಲ ಹೊಗಳುತ್ತಿತ್ತು. ಊರ ಮೇಲೆಲ್ಲ ಅನುಮಾನ ಪಡುವ ನಾನೂ ಹೊಗಳಿದ್ದೆ. ಎದ್ದು ನಿಂತೆ, ಸ್ಟೂಲ್ ಸದ್ದಾಯಿತು.

"ಯಾರು?" ಅಂದರು, ತಿರುಗದೆ.

"ನಾನ್ರಿ ಅಕ್ಕೋರ, ಲ್ಯಾಬಿನವ."

"ಹಿಡಿದ್ರಿ ಬಿಡ್ರಿ. ಹೋಗಿ ಹೇಳ್ರಿ ಸಾಹೇಬ್ರಿಗಿ."

ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ.

"ನೀವೇ ತಗಿಯಾಕತ್ತೀರಿ ಅಂತ ಮೊದಲನೇ ಸಲಕ್ಕ ಗೊತ್ತಾಗಿತ್ತು ನನಗ. ಪಾಸ್‌ವರ್ಡ್ ಇರೋದು ಇಬ್ಬರ ಕಡೆ. ನಾ ತಗದಿಲ್ಲ ಅಂದ ಮ್ಯಾಲ ಮತ್ಯಾರು? ಯಾಕ ತಗಿಯಾಕತ್ತಾರ ಅಂತ ವಿಚಾರ ಮಾಡಿದೆ. ನಿಮ್ಮ ಮನಿಯವರು ಕನ್ನಡ ಎಂ.ಎ. ನನ್ನ ಖುರ್ಚಿ ಖಾಲಿ ಆದ್ರ ಆ ತಾಸು ಯಾರಿಗಿ ಸಿಗ್ತಾವ?"

ನನಗೆ ಮೈಯೆಲ್ಲ ಉರಿಯಿತು. ಜಗತ್ತನ್ನೇ ಗುಮಾನಿಯಿಂದ ನೋಡುವುದು ನನ್ನ ಹಕ್ಕು ಎಂದುಕೊಂಡಿದ್ದವನು ನಾನು. ನನ್ನ ಮೇಲೆ ಒಬ್ಬರು ಇಷ್ಟು ದಿನ ಕೂತಲ್ಲೇ ಗುಮಾನಿ ಪಟ್ಟಿದ್ದಾರೆ, ಅದೂ ನನಗಿಂತ ಚೊಕ್ಕವಾಗಿ. "ಹಂಗೇನಿಲ್ರಿ ಅಕ್ಕೋರ. ನಿಮ್ಮ ಕಣ್ಣಿನ ಸುದ್ದೀನೇ ನನಗ ಗೊತ್ತಿರಲಿಲ್ಲ," ಎಂದೆ.

"ಹಂಗಿಲ್ಲಂದ್ರ ಬಾಳ ಚೊಲೋ. ಆದ್ರ ನಾ ಹ್ಯಾಂಗ ನಂಬಲಿ?"

ಕಣ್ಣಿಗೆ ಏನಾಗಿದೆ ಎಂದು ಕೇಳಿದೆ.

"ನಡುವ ಕಾಣಂಗಿಲ್ಲ, ಅಂಚಿಗಿ ಕಾಣತದ. ನಿಮ್ಮ ಮಾರಿ ಕಾಣಂಗಿಲ್ಲ, ಭುಜ ಕಾಣತಾವ. ರಾಯಚೂರು ದವಾಖಾನಿಯಾಗ ಹೇಳಿಬಿಟ್ಟಾರ, ಹೋದದ್ದು ಇನ್ನ ಬರೂದಿಲ್ಲ ಅಂತ. ಅಲ್ಲೇ ಸಾಲಿನಾಗ ನನ್ನಂಗ ಕುಂತ ಒಬ್ಬಾಕಿ ಇದನ್ನ ಹೇಳಿಕೊಟ್ಲು. ಕರಿ ಪರದೆ ತಗಿಬೇಕು, ಇಷ್ಟು ಬರಿಬೇಕು, ಅದು ಓದತದ ಅಂತ. ಬಾಯಿಪಾಠ ಮಾಡಿಕೊಂಡು ಬಂದೆ. ಬಾಯಿಪಾಠಕ್ಕ ನನಗೇನು ಬರ ಇಲ್ಲ."

ಹೀಗಾದವರನ್ನು ನೌಕರಿಯಿಂದ ತೆಗೆಯುವಂತಿಲ್ಲ, ಕಾನೂನು ಇದೆ, ಒಂದು ಅರ್ಜಿ ಕೊಟ್ಟರೆ ಆಯಿತು ಎಂದೆ. ನನಗೇ ಅದು ಪೂರ್ತಿ ನಂಬಿಕೆಯ ಮಾತಾಗಿರಲಿಲ್ಲ.

"ಕಾನೂನು ಬರಿಯೋರು ಬ್ಯಾರೆ, ಸಹಿ ಹಾಕೋರು ಬ್ಯಾರೆ," ಅಂದರು. "ನಮ್ಮವ್ವ ಮಾನ್ವಿ, ಕಲ್ಲೂರು ಕಡೆ ಮಂದಿ ಗದ್ದ್ಯಾಗ ಭತ್ತ ನಾಟಿ ಮಾಡಿ ನನ್ನ ಓದಿಸ್ಯಾಳ. ನಮ್ಮ ಓಣ್ಯಾಗ ಕಾಲೇಜಿನಾಗ ನಿಂತು ಪಾಠ ಮಾಡಿದಾಕಿ ನಾನೇ ಮೊದಲು. ನಾ ಬಂದ ದಿನದಿಂದ ಇಕಿಗಿ ಏನು ಬರತದ ಅಂತ ನೋಡಿಕೋತ ಕುಂತವರು ಅದಾರ ಇಲ್ಲಿ. ಈಗ ಕಾಣಂಗಿಲ್ಲ ಅಂತ ನಾ ಅಂದ್ರ, ಮೊದಲಿಂದಲೂ ಇಕಿಗಿ ಏನೂ ಕಾಣ್ತಿರಲಿಲ್ಲ ಅಂತಾರ. ಹೊತ್ತು ನೋಡಿ ನಾನೇ ಹೇಳ್ತೀನಿ. ಇವತ್ತು, ಅವರ ಮುಂದ, ಹಿಂಗ ಗೊತ್ತಾಗಬಾರದು."

ಹೊರಗೆ ಶಾಮಿಯಾನಾ ಕಟ್ಟುವವರ ಸದ್ದು ಕೇಳುತ್ತಿತ್ತು. ತಪಾಸಣೆಯವರು ರಾಯಚೂರು ಬಿಟ್ಟಿದ್ದಾರೆಂದು ಯಾರೋ ಕೂಗಿ ಹೇಳಿದರು.

ಸುಳ್ಳು ಹೇಳುವುದಿಲ್ಲ. ಅವರು ಹೇಳಿದ ಲೆಕ್ಕ ಆ ಗಳಿಗೆ ನನ್ನ ತಲೆಯಲ್ಲೂ ಓಡಿತು. ನಾನು ಚಾಡಿ ಹೇಳಬೇಕಿರಲಿಲ್ಲ. ಯಾರ ಕೋಣೆಗೂ ಹೋಗಬೇಕಿರಲಿಲ್ಲ. ನೆಟ್ ಇಲ್ಲವಲ್ಲ ಅಕ್ಕೋರ, ಏನು ಮಾಡಲಿಕ್ಕಾಗುತ್ತದೆ ಎಂದು ಮುಖ ಸಪ್ಪಗೆ ಮಾಡಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಮುಂದಿನದನ್ನು ತಪಾಸಣೆಯವರೇ ಮಾಡಿ ಮುಗಿಸುತ್ತಿದ್ದರು, ಮುಂದಿನ ಜೂನ್‌ನಲ್ಲಿ ನನ್ನ ಹೆಂಡತಿ ನನ್ನ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದಳು. ಪೆನ್‌ಡ್ರೈವ್ ಕಿಸೆಯಲ್ಲಿ ತೊಡೆಗೆ ಒತ್ತುತ್ತಿತ್ತು. ನಾನು ಅದನ್ನು ಮುಟ್ಟಿ ನೋಡಿಕೊಂಡೆ.

ಯಾಕೆ ತೆಗೆದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಅವರ ಕೈಗಳು ತೊಡೆಯ ಮೇಲೆ ಹಾಗೇ ಇದ್ದವು, ಏನನ್ನೂ ಕೇಳದೆ. ನನಗೆ ಅದನ್ನು ನೋಡಲಾಗಲಿಲ್ಲ. "ಸ್ವಲ್ಪ ಸರೀರಿ," ಎಂದು ಪೆನ್‌ಡ್ರೈವ್ ಚುಚ್ಚಿ, ಸಾಕ್ಷಿಗೆಂದು ಇಟ್ಟುಕೊಂಡ ಫೈಲುಗಳನ್ನು ನೆಟ್ ಇಲ್ಲದೆ ಒಂದೇ ಸಾಲಿನ ಕಮಾಂಡಿನಲ್ಲಿ ಒಳಗೆ ಸೇರಿಸಿದೆ. ನೆಂಟರೆಲ್ಲ ಜೊತೆಗೇ ಇದ್ದುದರಿಂದ ಯಾವ ತಕರಾರೂ ಬರಲಿಲ್ಲ.

"ಆತೇನು? ಇಷ್ಟು ಜಲ್ದಿ?" ಅಂದರು. ದನಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಅನುಮಾನವೇ ಇತ್ತು. "ಇದರಾಗ ಬ್ಯಾರೆ ಏನರ ಹಾಕಿಲ್ಲಲ್ಲಾ? ನಾ ಕೇಳಿದ್ದು ಎಲ್ಲರ ಹೋಗೋದು, ಹಂಗ ಏನಿಲ್ಲಲ್ಲಾ?"

"ಇಲ್ರಿ. ಬಿಚ್ಚಿ ನೋಡೀನಿ ನಾನು."

"ಯಾಕ ಬಿಚ್ಚಿ ನೋಡಿದ್ರಿ?"

"ನನಗೂ ಅದೇ ಗುಮಾನಿ ಇತ್ರಿ."

ಅವರು ಮೊದಲ ಸಲ ನಕ್ಕರು. ಆದರೂ ನನ್ನನ್ನು ದೂರ ನಿಲ್ಲಿಸಿ ತಾವೇ ಟೈಪ್ ಮಾಡಿ, ತಗಡಿನ ದನಿ ತಮ್ಮ ವಿಭಾಗದ ವರದಿಯನ್ನೇ ಓದುತ್ತಿದೆ, ಬೇರೆಯವರದ್ದಲ್ಲ ಎಂದು ಖಾತ್ರಿ ಮಾಡಿಕೊಂಡರು. ಅವರು ಕೇಳುತ್ತಿದ್ದಷ್ಟು ಹೊತ್ತು ನಾನು ಲ್ಯಾಬಿನ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ 'ಅಪ್‌ಡೇಟ್ ನಡೆದದ, ಆಮ್ಯಾಲ ಬರ್ರಿ' ಎಂದು ಕಳಿಸಿದೆ. ಟೈಪಿಸ್ಟ್ ಬಂದು ನನ್ನನ್ನು ವಿಚಿತ್ರವಾಗಿ ನೋಡಿ ಹೋದ.

ವರದಿ ಓದುವಾಗ ಅಕ್ಕೋರು ಕಾಗದ ಹಿಡಿದೇ ನಿಂತರು. ಯಾವುದು ಮೇಲು, ಯಾವುದು ಕೆಳಗು ಎಂದು ತಿಳಿಯಲು ಕಾಗದದ ಮೇಲಿನ ಮೂಲೆಯನ್ನು ಸಣ್ಣಗೆ ಮಡಚಿದ್ದರು. ಬಾಗಿಲ ಹತ್ತಿರ ನಿಂತ ನನಗೆ ಅದು ಕಾಣುತ್ತಿತ್ತು. ಎಲ್ಲೂ ತಪ್ಪಲಿಲ್ಲ. ಪ್ರಿನ್ಸಿಪಾಲರು ಹಿಂದಿನ ಸಂಜೆ ಸೇರಿಸಿದ ಎರಡು ಸಾಲಿನ ಹೊಗಳಿಕೆಯನ್ನೂ ಹೇಳಿ ಪುಟ ತಿರುವಿದರು. ಬಂದವರಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದಾಗ ಸಿಕ್ಕಿಬಿದ್ದೆವು ಎಂದುಕೊಂಡೆ. ಆಮೇಲೆ ಅವರು ನೀರಿನ ಬಾಟಲಿ ಕೇಳಿದ್ದರೆಂದು ತಿಳಿಯಿತು.

ಸಂಜೆ ಹೊರಡುವ ಮುಂಚೆ ಮೂಲೆಯ ಕಂಪ್ಯೂಟರಿನಲ್ಲಿ ಆ ಪ್ಯಾಕೇಜಿಗೆ 'ಹೋಲ್ಡ್' ಎಂದು ಗುರುತು ಹಾಕಿದೆ. ಹಾಗೆ ಮಾಡಿದರೆ ಅಪ್‌ಡೇಟಿನಲ್ಲಿ ಅದು ಅಲುಗುವುದಿಲ್ಲ, ಯಾರಾದರೂ ತೆಗೆಯಲು ಹೋದರೆ ಇದನ್ನು ಹಿಡಿದಿಟ್ಟಿದ್ದಾರೆ ಎಂದು ಮೊದಲು ತಕರಾರು ಮಾಡುತ್ತದೆ. ಲ್ಯಾಬಿನಲ್ಲಿ ತೆಗೆಯುವವನು ನಾನೊಬ್ಬನೇ. ಆದರೂ ಹಾಕಿದೆ.

ಗಬ್ಬೂರು ದಾಟುವವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಮನೆಗೆ ಬಂದು ಕೈಕಾಲು ತೊಳೆದು ಉಣ್ಣಲು ಕೂತಾಗ ಹೆಂಡತಿ ಎಂದಿನಂತೆ ಕೇಳಿದಳು, "ಸಿಕ್ಕನೇನು ನಿಮ್ಮ ಕಳ್ಳ?"

ಇಲ್ಲ ಎಂದೆ. ಯಾರೋ ಹುಡುಗರು ಆಟಕ್ಕೆ ಹಾಕಿದ್ದಿರಬೇಕು ಎಂದೆ. ಪಾಸ್‌ವರ್ಡ್ ಇಲ್ಲದೆ ಹುಡುಗರು ಹೇಗೆ ಹಾಕುತ್ತಾರೆ ಎಂದು ಅವಳು ಕೇಳಲಿಲ್ಲ. ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ, ಎದುರಿಗೆ ಕೂತಳು.

"ಅಕ್ಕೋರು ವರದಿ ಹ್ಯಾಂಗ ಓದಿದ್ರು?"

ನನ್ನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. "ಚೊಲೋ ಓದಿದ್ರು. ಯಾಕ?"

"ಆವತ್ತು ಇಂಟರ್‌ವ್ಯೂದಾಗ ನನ್ನ ಮಾರ್ಕ್ಸ್ ಕಾರ್ಡ್ ತಲಿಕೆಳಗ ಹಿಡಿದು, ಚೊಲೋ ಅಂಕ ಅದಾವಲ್ಲ ತಂಗಿ ಅಂದ್ರು. ಬಾಕಿ ಯಾರೂ ನೋಡಲಿಲ್ಲ. ನಾ ನೋಡಿದೆ."

ಅಂದರೆ ವರ್ಷದಿಂದ ಗೊತ್ತು. ನಾನು ಸಿರವಾರದ ಅಂಗಡಿಯವನನ್ನು, ಟೈಪಿಸ್ಟನ್ನು ದಿನಕ್ಕೊಬ್ಬರಂತೆ ಇವಳ ಮುಂದೆ ಕಳ್ಳರನ್ನಾಗಿ ಮಾಡುವಾಗ ಇವಳು ಎಲ್ಲ ತಿಳಿದೂ ರೊಟ್ಟಿ ಬಡಿಯುತ್ತಿದ್ದಳು. ಆ ತಾಸುಗಳು ಸಿಕ್ಕರೆ ಸಿಗುವುದು ಇವಳಿಗೇ, ಅದೂ ತಿಳಿದು. ನನಗೆ ಸಿಟ್ಟು ಬಂತು, ಅದರ ಜೊತೆಗೆ ಹೆಸರಿಲ್ಲದ ಇನ್ನೊಂದು ಸಂಕಟವೂ ಬಂತು.

"ಮತ್ತ ನನಗ ಯಾಕ ಹೇಳಲಿಲ್ಲ?"

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಅಜ್ಜ ನೋಡುತ್ತಿದ್ದ ಹಾಗೆ.

"ಹೇಳಿದ್ರ ನೀವೇನು ಮಾಡ್ತೀರಿ ಅನ್ನೋದರ ಮ್ಯಾಲ ನನಗ ನಂಬಿಕಿ ಇರಲಿಲ್ಲರಿ. ನಿಮಗ ತಾನಾಗೇ ಗೊತ್ತಾದಾಗ ಏನು ಮಾಡ್ತೀರಿ ನೋಡೋಣಂತ ಬಿಟ್ಟಿದ್ದೆ."

ಕಿಸೆಯಿಂದ ಬೀಗದ ಗೊಂಚಲು ತೆಗೆದು ಕೆಳಗಿಟ್ಟೆ. ಪೆನ್‌ಡ್ರೈವ್ ಅದರಲ್ಲೇ ಇತ್ತು. ಅವಳು ಅದನ್ನು ಒಮ್ಮೆ ನೋಡಿದಳು, ಏನು ನಡೆದಿರಬೇಕೆಂದು ಅಷ್ಟರಲ್ಲೇ ಅವಳಿಗೆ ತಿಳಿಯಿತು.

"ಈಗರ ಬಂತೇನು ನಂಬಿಕಿ?" ಎಂದು ಕೇಳಿದೆ.

"ಇವತ್ತು ಒಂದು ದಿನ ಆತಲ್ಲ," ಅಂದಳು. "ನೋಡೋಣು. ಉಣ್ರಿ, ರೊಟ್ಟಿ ತಣ್ಣಗಾಗಾಕತ್ತದ."